ಬದುಕಿದ್ದಾಗಲೇ ಕೇಳಿಸಿದ ಮಾರ್ಶಾ

ನನ್ನ ತಾವೆರ್ನಿನಲ್ಲಿ ಮೂರು ಬೆಂಚುಗಳಿವೆ. ಬಾಗಿಲ ಬಳಿಯದು ಮೀನು ಹಿಡಿಯುವವರದ್ದು. ನಡುವಿನದರಲ್ಲಿ ಯಾರು ಬೇಕಾದರೂ ಕೂತು ಫೆಣಿ ಕುಡಿಯಬಹುದು. ಗೋಡೆಗೆ ತಾಗಿದ ಮೂರನೆಯದು ಎವಾರಿಸ್ತ್ ಮೆಸ್ತ್ರಿಯ ಕಚೇರಿ. ಸಾಷ್ಟಿ ತಾಲೂಕಿನ ಈ ಕಡೆಯ ಹಳ್ಳಿಗಳಲ್ಲಿ ಮದುವೆಗೋ ಹಬ್ಬಕ್ಕೋ ಹೆಣದ ಮೆರವಣಿಗೆಗೋ ಬ್ಯಾಂಡು ಬೇಕಾದವರು ಮೂವತ್ತು ವರ್ಷದಿಂದ ಆ ಬೆಂಚಿನ ಎದುರು ನಿಂತೇ ದಿನ ಗೊತ್ತುಮಾಡಿಕೊಂಡು ಹೋಗಿದ್ದಾರೆ. ಗಿರಾಕಿ ಬಂದರೆ ಮೆಸ್ತ್ರಿ ಗ್ಲಾಸನ್ನು ನನ್ನ ಕಡೆ ಸರಿಸಿ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾರೆ. ಯಾರೋ ಸತ್ತಿದ್ದಾರೆ, ಇಲ್ಲವೆ ಯಾರದೋ ಮದುವೆ ಕುದುರಿದೆ ಎಂದು ಬಾಗಿಲ ಬೆಂಚಿನವರಿಗೂ ಆಗ ಗೊತ್ತಾಗುತ್ತದೆ.

ಮೆಸ್ತ್ರಿ ಎಂದರೆ ನಮ್ಮಲ್ಲಿ ಗಾರೆ ಕೆಲಸದವನಲ್ಲ. ಸ್ವರ ಓದಿ, ಬರೆದು, ಇನ್ನೊಬ್ಬರಿಗೆ ಕಲಿಸಬಲ್ಲವನು. ಎವಾರಿಸ್ತ್ ಅವರ ಅಪ್ಪ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದ. ಮಗ ಇಗರ್ಜಿಯ ಶಾಲೆಯಲ್ಲಿ ಬೆತ್ತದ ಏಟು ತಿನ್ನುತ್ತ ಸ್ವರ ಕಲಿತು, ಹದಿನೇಳಕ್ಕೆ ಕಾರ್ನೆಟ್ಟು ಎಂಬ ಹಿತ್ತಾಳೆ ತುತ್ತೂರಿ ಹಿಡಿದುಕೊಂಡು ಮುಂಬಯಿಯ ಹಡಗು ಹತ್ತಿದ. ಅಲ್ಲಿ ನಮ್ಮೂರಿನವರ ಕೂಡ್ ಇತ್ತು; ಒಂದೇ ಕೋಣೆಯಲ್ಲಿ ಮೂವತ್ತು ಟ್ರಂಕು, ಗೋಡೆಯ ಮೇಲೆ ಊರ ಸಂತನ ಚಿತ್ರ, ಸಂಜೆಯಾದರೆ ಎಲ್ಲರೂ ಮಂಡಿಯೂರಿ ಜಪ. ಹದಿನಾಲ್ಕು ವರ್ಷ ಸಿನಿಮಾ ಹಾಡುಗಳಿಗೆ ಊದಿದರು. ನಲವತ್ತು ಜನ ಒಟ್ಟಿಗೆ ಕೂರುವುದು, ಕೆಂಪು ದೀಪ ಹತ್ತಿದರೆ ಕೆಮ್ಮುವ ಹಾಗಿಲ್ಲ. ಆಮೇಲೊಂದು ದಿನ ಹೋಗಿ ನೋಡಿದರೆ ನಲವತ್ತು ಕುರ್ಚಿಯೂ ಖಾಲಿ. ಮೂಲೆಯಲ್ಲಿ ಒಬ್ಬ ಯಂತ್ರದ ಕೀಲಿಮಣೆ ಮುಂದೆ ಕೂತು ಪಿಟೀಲು, ಕೊಳಲು, ಕಾರ್ನೆಟ್ಟು ಎಲ್ಲವನ್ನೂ ಎರಡು ಕೈಯಲ್ಲೇ ಮುಗಿಸುತ್ತಿದ್ದನಂತೆ.

ಮೆಸ್ತ್ರಿ ಊರಿಗೆ ಬಂದು ಒಂಬತ್ತು ಜನರ ಬ್ಯಾಂಡು ಕಟ್ಟಿದರು. ದೊಡ್ಡ ಡ್ರಮ್ಮಿಗೆ ಜೊಕಿಮ್ ಬಂದ. ಬೆಳಿಗ್ಗೆ ಸೈಕಲ್ಲಿನಲ್ಲಿ ಪಾವ್ ಮಾರುತ್ತಿದ್ದ, ಸಂಜೆ ಡ್ರಮ್ಮು ಬಡಿಯುತ್ತಿದ್ದ, ಎರಡರ ನಡುವೆ ಎಲ್ಲರ ಕಾಲೆಳೆಯುತ್ತಿದ್ದ. ಇಪ್ಪತ್ತು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮದುವೆಗಳು ಡಿಜೆ ಪಾಲಾದವು. ಹಬ್ಬಗಳಿಗೆ ಒಬ್ಬನೇ ಕೀಬೋರ್ಡಿನವನು ಸಾಕಾದ. ಉಳಿದದ್ದು ಹೆಣದ ಮೆರವಣಿಗೆ ಒಂದೇ. ಮನೆಯಿಂದ ಇಗರ್ಜಿಯವರೆಗೆ ಪೆಟ್ಟಿಗೆಯ ಮುಂದೆ ನಡೆಯುತ್ತ ಊದುವ ನಿಧಾನದ ರಾಗಕ್ಕೆ ನಾವು ಮಾರ್ಶಾ ಎನ್ನುತ್ತೇವೆ. ಅದನ್ನಾದರೂ ಯಾರೂ ಕಿತ್ತುಕೊಳ್ಳಲಾರರು ಎಂದುಕೊಂಡಿದ್ದೆವು. ಅಷ್ಟರಲ್ಲಿ ಹೆಣದ ಪೆಟ್ಟಿಗೆ ಮಾರುವವರೊಬ್ಬರು ಪೆಟ್ಟಿಗೆ, ಹೂವು, ವ್ಯಾನು, ವ್ಯಾನಿನ ಮೇಲೊಂದು ಸ್ಪೀಕರು, ಎಲ್ಲ ಸೇರಿಸಿ ಒಂದೇ ದರ ಎಂದರು. ಒಮ್ಮೆ ಆ ಸ್ಪೀಕರಿನಲ್ಲಿ ಮಾರ್ಶಾದ ನಡುವೆ ಸಾಬೂನಿನ ಜಾಹೀರಾತು ಬಂತು. ಜನ ನಕ್ಕರು, ಮುಂದಿನ ಸಾವಿಗೂ ಅದೇ ವ್ಯಾನು ಕರೆದರು. ನನಗೆ ನಮ್ಮ ಜನರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಆರು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಕಡಲ ದಂಡೆಯ ಹೋಟೆಲಿನಿಂದ ಒಬ್ಬ ಮನುಷ್ಯ ಬಂದು ಮೂರನೆಯ ಬೆಂಚಿನ ಮುಂದೆ ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಬಿಳಿ ಕೋಟು. ಮೆಸ್ತ್ರಿ ಗುಂಡಿ ಹಾಕಿಕೊಂಡರು.

"ದಿನಾ ಸಂಜೆ ನಾಲ್ಕರಿಂದ ಒಂಬತ್ತು ಮೆಸ್ತ್ರಿ. ಈ ಕೋಟು ಹಾಕ್ಕೊಂಡು ಕಾರ್ನೆಟ್ ಹಿಡ್ಕೊಂಡು ನಿಂತ್ರೆ ಸಾಕು. ತಿಂಗಳಿಗೆ ಇಪ್ಪತ್ತೆರಡು ಸಾವಿರ, ಊಟ ನಮ್ದೇ."

"ಏನೇನು ನುಡಿಸ್ಬೇಕು?"

"ನುಡಿಸೋದೇನೂ ಇಲ್ಲ. ಹಾಡು ಮೊದ್ಲೇ ರೆಕಾರ್ಡ್ ಆಗಿದೆ. ನೀವು ಬಾಯಿಗಿಟ್ಕೊಂಡು ಬೆರಳಾಡಿಸಿ. ಊದಿದ್ರೆ ಎರಡೂ ಒಟ್ಟಿಗೆ ಬಂದು ಕೆಡುತ್ತೆ."

ಜೊಕಿಮ್ ನಡುವಿನ ಬೆಂಚಿನಿಂದ ತಲೆ ಎತ್ತಿದ. "ಪಾತ್ರಾಂವ್, ಧಣೀ, ಹಾಗೇ ಬಡಿಯದ ಡ್ರಮ್ಮಿಗೂ ಒಬ್ಬ ಬೇಕಾದ್ರೆ ಹೇಳಿ. ನಾನು ಸುಮ್ನೆ ನಿಲ್ಲೋದ್ರಲ್ಲಿ ಭಾರೀ ಹುಷಾರು. ನನ್ನ ಹೆಂಡ್ತೀನ ಕೇಳಿ ಬೇಕಾದ್ರೆ."

ಹೋಟೆಲಿನವನು ನಗಲಿಲ್ಲ, ಮೆಸ್ತ್ರಿಯೂ ನಗಲಿಲ್ಲ. ನಮ್ಮಲ್ಲಿ ಹೆಣ ಎತ್ತುವುದು ಸಂಜೆ ನಾಲ್ಕಕ್ಕೆ. ನಾಲ್ಕಕ್ಕೆ ಹೋಟೆಲಿನಲ್ಲಿರುವವನು ಹೆಣದ ಮುಂದೆ ಇರಲಾರ. ಕಾರ್ನೆಟ್ಟಿಲ್ಲದ ಬ್ಯಾಂಡಿಗೆ ರಾಗವಿಲ್ಲ. ಅವರು ಒಪ್ಪಿದರೆ ಬ್ಯಾಂಡು ಅವತ್ತಿಗೇ ಮುಗಿದಂತೆ. ಒಪ್ಪದಿದ್ದರೆ ಮನೆಯಲ್ಲಿ ಗಂಜಿಗೆ ಮಿಸ್ಕುಟ್ ಎಂಬ ಮಾವಿನ ಉಪ್ಪಿನಕಾಯಿಯೇ ಮೇಲೋಗರ. ಅವರ ಹೆಂಡತಿ ಇನಾಸಿನ್ ಎರಡು ವರ್ಷದಿಂದ ಬೇರೆಯವರ ಮನೆಯ ಬಟ್ಟೆ ಹೊಲಿಯುತ್ತಿದ್ದದ್ದು ನನಗೆ ಗೊತ್ತು. ಮೆಸ್ತ್ರಿ ಕೋಟು ತೆಗೆದುಕೊಂಡರು. ಮುಂದಿನ ಸೋಮವಾರದಿಂದ ಬರುತ್ತೇನೆ ಎಂದರು. ಅದನ್ನು ಮನೆಗೆ ಒಯ್ಯಲಿಲ್ಲ, ನನ್ನ ತಾವೆರ್ನಿನ ಮೊಳೆಗೇ ನೇತುಹಾಕಿ ಹೋದರು. ವಾರವಿಡೀ ಅದು ಅಲ್ಲೇ ತೂಗುತ್ತಿತ್ತು.

ಅದೇ ವಾರ ನನ್ನ ಅತ್ತೆ ಹಾಸಿಗೆ ಹಿಡಿದರು. ಊರಿಗೆಲ್ಲ ಅವರು ಅಪೊಲಿನ್ ಮಾಂಯ್, ಎಂಬತ್ತೊಂಬತ್ತು ವರ್ಷ. ತಾವೆರ್ನ್ ಇಡುವ ಮೊದಲು ನಲವತ್ತು ವರ್ಷ ತಲೆಯ ಮೇಲೆ ಮಡಕೆ ಹೊತ್ತು ಮನೆಮನೆಗೆ ಕಳ್ಳಿನ ವಿನೆಗರ್ ಮಾರಿದವರು. "ವಿನಾಗ್ರೇ" ಎಂದು ಕೂಗುವಾಗ ಮೊದಲ ಸ್ವರ ಮೇಲೆ, ಎರಡನೆಯದು ಕೆಳಗೆ, ಮೂರನೆಯದನ್ನು ತಿರುವಿನಾಚೆ ತನಕ ಎಳೆಯುತ್ತಿದ್ದರು. ನಾನು ಮದುವೆಯಾಗಿ ಬಂದಮೇಲೆ ಅದೇ ಮೂರು ಸ್ವರದಲ್ಲಿ ನನ್ನನ್ನೂ ಕರೆಯತೊಡಗಿದರು. "ನತಾಲೀನ್" ಎಂದರೆ ಒಲೆ ಮೇಲಿನದು ಒಲೆ ಮೇಲೆ, ಕೈಯಲ್ಲಿದ್ದದ್ದು ಕೈಯಲ್ಲಿ ಬಿಟ್ಟು ಓಡಬೇಕು. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿರುತ್ತಾನೆ. ಉಳಿದ ಹತ್ತು ತಿಂಗಳು ಆ ಕೂಗು, ನಾನು. ಅತ್ತೆ ಸೊಸೆ ಬಹಳ ಅನ್ಯೋನ್ಯವಾಗಿದ್ದೆವು ಎಂದು ಹೇಳಿದರೆ ವಾಡೆಯವರು, ನಮ್ಮ ಕೇರಿಯವರು, ನಗುತ್ತಾರೆ.

ಗುರುವಾರ ಮಾತು ನಿಂತಿತು. ಪಾದ್ರಿಗಳು ಬಂದು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿ ಕೊನೆಯ ಪ್ರಾರ್ಥನೆ ಹೇಳಿದರು. ಡಾಕ್ಟರು, ಎರಡು ದಿನ ಎಂದರು. ನಮ್ಮಲ್ಲಿ ಇಗರ್ಜಿಯ ಸಾವಿನ ಗಂಟೆ ಬಾರಿಸುವ ಮೊದಲು ಬ್ಯಾಂಡಿನವರಿಗೆ ಹೇಳುವ ಪದ್ಧತಿಯಿಲ್ಲ, ಅದು ಅಪಶಕುನ. ನನಗೆ ಗೊತ್ತಿತ್ತು. ಆದರೆ ಸೋಮವಾರ ಬಂದರೆ ಬ್ಯಾಂಡೇ ಇರುವುದಿಲ್ಲ. ಅತ್ತೆ ಮಂಗಳವಾರ ಸತ್ತರೆ ಸ್ಪೀಕರಿನ ವ್ಯಾನಿನ ಹಿಂದೆ ಹೋಗಬೇಕು. ಮೂವತ್ತೊಂದು ವರ್ಷ ನನ್ನನ್ನು ಬೈದ ಹೆಂಗಸು ಸಾಬೂನಿನ ಜಾಹೀರಾತಿನ ಜೊತೆ ಹೋಗಲು ನಾನು ಬಿಡುವವಳಲ್ಲ. ನಾನು ಮೂರನೆಯ ಬೆಂಚಿನ ಮುಂದೆ ಹೋಗಿ ನಿಂತೆ.

ಮೆಸ್ತ್ರಿ ಗುಂಡಿಗೆ ಕೈ ಹಾಕಿದವರು ಹಾಗೇ ನಿಲ್ಲಿಸಿದರು. "ಗಂಟೆ ಕೇಳಿಸ್ಲಿಲ್ವಲ್ಲ ನತಾಲಿನ್ ಬಾಯ್?"

"ಇನ್ನೂ ಇಲ್ಲ."

"ಮತ್ತೆ?"

"ಸೋಮವಾರದೊಳಗೆ ಆಗ್ಲಿಲ್ಲಾಂದ್ರೆ ನೀವೆಲ್ಲಿರ್ತೀರಿ ಮೆಸ್ತ್ರಿ? ಹೊಸ ಮಾರ್ಶಾ ಬರೀರಿ. ಹಳೇದು ಬೇಡ. ಮಾಂಯ್‌ದೇ ಆಗಿರ್ಬೇಕು."

ಅವರು ಮೊಳೆಯಲ್ಲಿದ್ದ ಕೋಟನ್ನು ನೋಡಿದರು. ಆಮೇಲೆ ಗುಂಡಿ ಹಾಕಿಕೊಂಡರು. ಶುಕ್ರವಾರವಿಡೀ ಮನೆಯಲ್ಲಿ ಕೂತು ಬರೆದರು. ಶನಿವಾರ ಮಧ್ಯಾಹ್ನ ಒಂಬತ್ತು ಜನಕ್ಕೂ ಹಾಳೆ ಹಂಚಿ, ಯಾವಾಗಲೂ ಅಭ್ಯಾಸ ಮಾಡುವ ತಾವೆರ್ನಿಗೆ ತಾಗಿದ ನಮ್ಮ ಮನೆಯ ಹಿತ್ತಲ ಜಗಲಿಯಲ್ಲೇ ಮೆಲ್ಲಗೆ ನುಡಿಸಿ ನೋಡತೊಡಗಿದರು. ಅತ್ತೆ ಮಲಗಿದ್ದ ಕೋಣೆಗೂ ಆ ಜಗಲಿಗೂ ನಡುವೆ ಒಂದೇ ಕಿಟಕಿ. ಅವರಿಗೆ ಎಚ್ಚರವಿಲ್ಲವಲ್ಲ ಎಂದು ಯಾರೂ ಅದನ್ನು ಮುಚ್ಚಲಿಲ್ಲ.

ನಾನು ಪಕ್ಕದಲ್ಲಿ ಕೂತು ಅವರ ತುಟಿಗೆ ನೀರು ಹಚ್ಚುತ್ತಿದ್ದೆ. ರಾಗ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಕಾರ್ನೆಟ್ಟೊಂದೇ ಮೇಲೆ ಹೋಗಿ, ಕೆಳಗಿಳಿದು, ಮೂರನೆಯ ಸ್ವರವನ್ನು ಎಳೆಯಿತು. ನನಗೆ ಗುರುತು ಸಿಗುವ ಮೊದಲೇ ಅತ್ತೆ ಕಣ್ಣು ಬಿಟ್ಟರು.

"ಯಾರು ಸತ್ರು?"

ನನ್ನ ಕೈಯ ಹತ್ತಿ ಬಿತ್ತು. "ಯಾರೂ ಇಲ್ಲ ಮಾಂಯ್."

"ಸುಳ್ಳು ಹೇಳ್ಬೇಡ. ಮಾರ್ಶಾ ಊದ್ತಿದ್ದಾರೆ." ಕಿವಿಗೊಟ್ಟು ಮಲಗಿದರು. ಊರಿನ ಒಂದು ಹೆಣವನ್ನೂ ಅವರು ತಪ್ಪಿಸಿದವರಲ್ಲ, ಪ್ರತಿ ಮಾರ್ಶಾವೂ ಅವರಿಗೆ ಬಾಯಿಪಾಠ. "ಇದು ಹೊಸದು. ಯಾರದಿದು?"

ನಾನು ಬಿದ್ದ ಹತ್ತಿ ಹೆಕ್ಕಲು ಬಗ್ಗಿದೆ. ಹೊರಗೆ ಕಾರ್ನೆಟ್ಟು ಮತ್ತೆ ಆ ಜಾಗಕ್ಕೆ ಬಂತು.

"ಅದು ನನ್ನ ಕೂಗು," ಎಂದರು ಅತ್ತೆ. ಆಮೇಲೆ ಮೊಣಕೈ ಊರಿ ಎದ್ದು ಕೂತು ನನ್ನನ್ನು ನೋಡಿದರು. ಆ ನೋಟದ ಮುಂದೆ ಪಾದ್ರಿಗಳೂ ನಿಲ್ಲಲಾರರು. "ನತಾಲಿನ್. ನಾನು ಸಾಯೋ ತನಕಾನೂ ನಿನಗೆ ತಡ್ಕೊಳ್ಳೋಕಾಗ್ಲಿಲ್ವಾ?"

ನಾನು ಅತ್ತುಬಿಟ್ಟೆ. ಅದರಲ್ಲಿ ನಾಚಿಕೆಯೂ ಇತ್ತು, ಖುಷಿಯೂ ಇತ್ತು. ಹೊರಗೆ ಜೊಕಿಮ್ ಕಿಟಕಿಯಲ್ಲಿ ಇಣುಕಿ, ಅವರು ಕೂತದ್ದನ್ನು ಕಂಡು ಶಿಲುಬೆಯ ಗುರುತು ಹಾಕಿಕೊಂಡ. "ಮೆಸ್ತ್ರಿ, ನಿಲ್ಲಿಸಿ. ಹೆಣ ಎದ್ದು ಕೂತಿದೆ."

ಸಂಜೆಗೆ ಅತ್ತೆ ಅರ್ಧ ಬಟ್ಟಲು ಗಂಜಿ ಕುಡಿದರು. ಕುಡಿದವರೇ ಎವಾರಿಸ್ತನನ್ನು ಕರೆಸು ಎಂದರು. ಮೆಸ್ತ್ರಿ ತಲೆ ತಗ್ಗಿಸಿಕೊಂಡು ಬಂದು ಬಾಗಿಲಲ್ಲೇ ನಿಂತರು. ಅಷ್ಟು ದೊಡ್ಡ ಮನುಷ್ಯ ಹಾಗೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ತಪ್ಪಾಯ್ತು ಮಾಂಯ್. ಹಾಳೆ ಹರಿದು ಹಾಕ್ತೀನಿ."

"ಹರಿದ್ರೆ ನಿನ್ನ ಕೈ ಮುರೀತೀನಿ. ಬಾ ಇಲ್ಲಿ, ಕೂತ್ಕೋ. ಮಧ್ಯದಲ್ಲಿ ಅಷ್ಟು ಅಳು ಯಾಕೆ ತುಂಬಿದ್ದೀಯ? ನಾನು ಯಾವಾಗ ಅತ್ತಿದ್ದೀನಿ? ನನ್ನ ಗಂಡ ಸತ್ತ ಮಾರನೇ ದಿನವೂ ಮಡಕೆ ಹೊತ್ತವಳು ನಾನು."

"ತೆಗೀತೀನಿ."

"ಮತ್ತೆ ಆ ಕೂಗು. ಕೂಗಿದ ತಕ್ಷಣ ಮುಂದಕ್ಕೆ ಓಡ್ತೀಯಲ್ಲ, ಹಾಗೆ ಓಡಿದ್ರೆ ನನ್ನ ವಿನೆಗರ್ ಯಾರು ಕೊಳ್ತಿದ್ರು? ಕೂಗಿ ನಿಲ್ಬೇಕು. ಒಳಗಿದ್ದವಳು ಕೈ ಒರೆಸ್ಕೊಂಡು ಹೊರಗೆ ಬರೋಷ್ಟು ಹೊತ್ತು ಬಿಡ್ಬೇಕು."

"ಮೆರವಣಿಗೆ ನಡೀತಿರುತ್ತೆ ಮಾಂಯ್. ಬ್ಯಾಂಡು ನಿಂತ್ರೆ ಪೆಟ್ಟಿಗೆ ಹೊತ್ತವರ ಹೆಜ್ಜೆ ತಪ್ಪುತ್ತೆ."

"ಅದು ನಿನ್ನ ವಿದ್ಯೆ. ನನಗೆ ಗೊತ್ತಿಲ್ಲ. ನನಗೆ ನಿಲ್ಲೋಕೆ ಜಾಗ ಬೇಕು."

ಮೆಸ್ತ್ರಿ ಅಲ್ಲೇ ಕೂತು ಹಾಳೆಯ ಮೇಲೆ ಪೆನ್ಸಿಲು ಆಡಿಸಿದರು. ಮಧ್ಯದ ನಾಲ್ಕು ಸಾಲು ಹೊಡೆದು ಹಾಕಿದರು. ಕೂಗು ಮುಗಿದ ಮೇಲೆ ನಾಲ್ಕು ಹೆಜ್ಜೆಯಷ್ಟು ಜಾಗ ಖಾಲಿ ಬಿಟ್ಟು, ಜೊಕಿಮನ ಡ್ರಮ್ಮೊಂದೇ ಮೆಲ್ಲಗೆ ಹೆಜ್ಜೆ ಎಣಿಸುವಂತೆ ಮಾಡಿದರು. ಉಳಿದ ಎಂಟೂ ಜನ ಬಾಯಿ ಮುಚ್ಚಿಕೊಂಡು ನಡೆಯಬೇಕು. ಮುಂಬಯಿಯಲ್ಲಿ ಹದಿನಾಲ್ಕು ವರ್ಷ ಊದಿದರೂ ಇಂಥ ತಿದ್ದುಪಡಿ ಯಾರೂ ಹೇಳಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು.

ಭಾನುವಾರ ಪೂಜೆ ಮುಗಿದಮೇಲೆ ಅತ್ತೆಯನ್ನು ಎತ್ತಿ ತಂದು ಮನೆ ಮುಂದಿನ ಬಾಲ್ಕಾಂವ್ ಜಗಲಿಯ ಕುರ್ಚಿಯಲ್ಲಿ ಕೂರಿಸಿದೆವು. ಪೆಟ್ಟಿಗೆಗೆಂದು ನಾನು ಇಸ್ತ್ರಿ ಮಾಡಿಟ್ಟ ನೀಲಿ ಉಡುಪನ್ನೇ ತೊಡಿಸು ಎಂದಿದ್ದರು. ಕೆಲವರು ಅಪಶಕುನ ಎಂದು ಗೊಣಗಿದರು. ಗೊಣಗಿದವರೇ ಮುಂದಿನ ಸಾಲಿನಲ್ಲಿ ನಿಂತರು. ಬ್ಯಾಂಡಿನವರು ತೋಳಿಗೆ ಕರಿ ಪಟ್ಟಿ ಕಟ್ಟಿಕೊಳ್ಳಲೋ ಬೇಡವೋ ಎಂದು ಕೇಳಿದಾಗ ಅತ್ತೆ, "ಪಟ್ಟಿ ಕಿಸೇಲಿಡಿ, ಇನ್ನೊಂದು ಸಲ ಬೇಕಾಗುತ್ತೆ," ಎಂದರು.

ನಾನು ಸಂಗೀತ ಬಲ್ಲವಳಲ್ಲ. ಆದರೆ ಅವತ್ತು ಮೆಸ್ತ್ರಿ ಊದಿದ್ದನ್ನು ಕೇಳಿ ನಮ್ಮ ವಾಡೆಯಲ್ಲಿ ಇಂಥ ಮನುಷ್ಯ ಹುಟ್ಟಿದ್ದಾನಲ್ಲ ಎಂದು ನನ್ನ ಎದೆ ಉಬ್ಬಿತು. ಕೂಗು ಬಂತು, ಎಳೆಯಿತು, ಎಲ್ಲ ನಿಂತಿತು. ಡ್ರಮ್ಮು ನಾಲ್ಕು ಹೆಜ್ಜೆ ಹಾಕಿತು. ಅತ್ತೆ ಆ ನಾಲ್ಕು ಹೆಜ್ಜೆಯಲ್ಲಿ ಕತ್ತು ತಿರುಗಿಸಿ ಬೀದಿಯ ಮನೆಗಳನ್ನು ಒಂದೊಂದಾಗಿ ನೋಡಿದರು. ಮುಗಿದಮೇಲೆ, "ಈಗ ಸರಿಯಾಯ್ತು," ಎಂದು ಮಾತ್ರ ಹೇಳಿ, ಹೆಣದ ಬ್ಯಾಂಡಿಗೆ ಕೊಡುವ ಪೂರ್ತಿ ದುಡ್ಡನ್ನು ನನ್ನ ಕೈಯಿಂದಲೇ ಕೊಡಿಸಿದರು. ಮೆಸ್ತ್ರಿ ಬೇಡವೆಂದರು.

"ತಗೋ. ಸತ್ತಾಗ ಇನ್ನೊಮ್ಮೆ ಕೊಡ್ತಾಳೆ. ಅವಳ ಹತ್ರ ಇದೆ, ನಾನೇ ಕೂಡಿಟ್ಟಿದ್ದು."

ಜನ ಇನ್ನೂ ಚದುರಿರಲಿಲ್ಲ. ಮೂವತ್ತೈದು ವರ್ಷ ಹಡಗಿನಲ್ಲಿದ್ದು ಬಂದ ಮುದುಕ ಲಿಬೊರಿಯ್ ಮೆಲ್ಲಗೆ ತಾವೆರ್ನಿನೊಳಗೆ ಬಂದು ಮೂರನೆಯ ಬೆಂಚಿನ ಮುಂದೆ ನಿಂತ.

"ಮೆಸ್ತ್ರಿ, ನನಗೂ ಒಂದು ಬೇಕು. ನಾನು ಗಟ್ಟಿಮುಟ್ಟಾಗಿದ್ದೀನಿ, ಅದಕ್ಕೇ ಈಗ್ಲೇ. ಸತ್ಮೇಲೆ ನೀವು ಏನು ಊದಿದ್ರಿ ಅಂತ ನನಗೆ ಯಾರು ಬಂದು ಹೇಳ್ತಾರೆ?"

ಮೆಸ್ತ್ರಿ ಗುಂಡಿ ಹಾಕಿಕೊಂಡರು. ಸಂಜೆಯೊಳಗೆ ಇನ್ನೂ ಮೂವರು ಬಂದರು. ನಾನು ಕೌಂಟರಿನ ಹಿಂದೆ ಗ್ಲಾಸು ಒರೆಸುತ್ತ ಕೋಟನ್ನೂ ಅವರನ್ನೂ ನೋಡುತ್ತಿದ್ದೆ. ನಾಲ್ಕು ಮಾರ್ಶಾಗಳಿಂದ ಒಂದು ವರ್ಷ ಉಣ್ಣಲಾಗುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕತ್ತಲಾಗುವ ಮೊದಲು ಇನಾಸಿನ್ ಅವರನ್ನು ಕರೆದುಕೊಂಡು ಹೋಗಲು ಬಂದಳು. ಮೊಳೆಯಿಂದ ಕೋಟು ತೆಗೆದು ಹೊಲಿಗೆ ಮಗುಚಿ ನೋಡಿದಳು.

"ಹೊಲಿಗೆ ಚೆನ್ನಾಗಿಲ್ಲ," ಎಂದಳು. "ನೀವು ಇದ್ರಲ್ಲಿ ಉಸಿರೆಳೆದ್ರೆ ಕಂಕುಳಲ್ಲಿ ಬಿಟ್ಕೊಳ್ಳುತ್ತೆ. ನಾಳೆ ವಾಪಸ್ ಕೊಟ್ಟು ಬನ್ನಿ. ನಾನು ಇನ್ನೊಂದು ವರ್ಷ ಹೊಲೀತೀನಿ."

ಸೋಮವಾರ ಮೆಸ್ತ್ರಿ ಬಸ್ಸು ಹತ್ತಿ ಹೋಗಿ ಕೋಟನ್ನು ಕೊಟ್ಟು ಬಂದರು. ಏನು ಹೇಳಿದಿರಿ ಎಂದು ಜೊಕಿಮ್ ಕೇಳಿದ. "ಊದೋಕೆ ಕರೀರಿ, ಬರ್ತೀನಿ. ಬೆರಳಾಡ್ಸೋಕೆ ಬೇರೆಯವರನ್ನ ನೋಡ್ಕೊಳ್ಳಿ ಅಂದೆ," ಎಂದರು.

ಇನಾಸಿನ್ ಒಂದು ವರ್ಷ ಹೊಲಿಯಬೇಕಾಗಲಿಲ್ಲ, ಏಳು ತಿಂಗಳು ಹೊಲಿದಳು. ಲಿಬೊರಿಯನ ಮಾರ್ಶಾದಲ್ಲಿ ಹಡಗಿನ ಸೀಟಿ ಇತ್ತು. ಅದನ್ನು ಅವನ ಮಗಳು ಫೋನಿನಲ್ಲಿ ಹಿಡಿದು ಲಂಡನ್ನಿನಲ್ಲಿರುವ ಅಣ್ಣನಿಗೆ ಕಳಿಸಿದಳು. ಅಲ್ಲಿಂದ ಅದು ಕುವೈತಿಗೆ, ಲಿಸ್ಬನ್ನಿಗೆ, ಎಲ್ಲೆಲ್ಲಿ ನಮ್ಮವರಿದ್ದಾರೋ ಅಲ್ಲಿಗೆಲ್ಲ ಹೋಯಿತು. ರಜೆಗೆ ಬಂದವರು ಮೊದಲು ಅಪ್ಪ ಅಮ್ಮನ ಆರೋಗ್ಯ ಕೇಳುತ್ತಿದ್ದರು, ಆಮೇಲೆ ಮೂರನೆಯ ಬೆಂಚು ಎಲ್ಲಿ ಎಂದು ಕೇಳುತ್ತಿದ್ದರು. ಒಂದು ಮಾರ್ಶಾಕ್ಕೆ ಈಗ ಹೋಟೆಲು ಒಂದು ತಿಂಗಳಿಗೆ ಕೊಡುತ್ತೇನೆಂದಷ್ಟೇ ದುಡ್ಡು. ಅದರಲ್ಲಿ ಬರೆದದ್ದಕ್ಕೆ ಒಂದು ಪಾಲು ಮೆಸ್ತ್ರಿಗೆ, ಉಳಿದದ್ದು ನುಡಿಸಿದವರಿಗೆಲ್ಲ ಸಮನಾಗಿ.

ಮೆಸ್ತ್ರಿಯ ಷರತ್ತುಗಳು ಮೂರು. ಯಾರಿಗೆ ಮಾರ್ಶಾ ಬೇಕೋ ಅವರೇ ಬಂದು ಎದುರು ಕೂತು ಮಾತಾಡಬೇಕು, ಅವರು ಮಾತಾಡುವಾಗ ಮೆಸ್ತ್ರಿ ಬರೆದುಕೊಳ್ಳುವುದಿಲ್ಲ, ಸುಮ್ಮನೆ ಕೇಳುತ್ತಾರೆ. ಬರೆದದ್ದನ್ನು ಮೊದಲು ಅವರಿಗೇ, ಅವರ ಮನೆಯ ಬಾಲ್ಕಾಂವಿನಲ್ಲಿ, ಇಡೀ ಬ್ಯಾಂಡಿನೊಂದಿಗೆ ನುಡಿಸಬೇಕು. ಒಬ್ಬರ ಮಾರ್ಶಾ ಇನ್ನೊಬ್ಬರಿಗೆ ಎಷ್ಟು ಕೊಟ್ಟರೂ ಇಲ್ಲ. ಜಗಳಗಳೂ ಆದವು. ನನ್ನದು ಇನ್ನೂ ಜೋರಾಗಿರಬೇಕಿತ್ತು ಎಂದವರುಂಟು. ಒಬ್ಬ ಬಾಡಿಗೆ ಕಾರಿನವನು, ನಾನು ಇನ್ನೂ ಸತ್ತಿಲ್ಲ, ಅರ್ಧ ದುಡ್ಡು ಸತ್ತಮೇಲೆ ಕೊಡುತ್ತೇನೆ ಎಂದ. ಜೊಕಿಮ್ ಅವನಿಗೆ, "ಹಾಗಾದ್ರೆ ಅರ್ಧ ಮಾರ್ಶಾ ಊದ್ತೀವಿ, ನೀವು ಅರ್ಧ ದಾರಿಯಿಂದ ನಡ್ಕೊಂಡು ಹೋಗಿ," ಎಂದು ಬಾಯಿ ಮುಚ್ಚಿಸಿದ.

ಮದುವೆಗಳು ತಿರುಗಿ ಬರಲಿಲ್ಲ, ಬಂದವೆಂದು ನಾನು ಸುಳ್ಳು ಹೇಳುವುದಿಲ್ಲ. ಸ್ಪೀಕರಿನ ವ್ಯಾನೂ ಓಡುತ್ತಲೇ ಇದೆ. ಆದರೆ ಒಂಬತ್ತು ಜನರ ಬ್ಯಾಂಡು ಈಗ ಹದಿಮೂರಾಗಿದೆ. ಮನೆ ಮಾರಲು ಹೊರಟಿದ್ದ ಟ್ರೊಂಬೋನಿನವನು ಹೆಂಚು ಬದಲಿಸಿದ. ಜೊಕಿಮ್ ಪಾವ್ ಮಾರುವುದನ್ನು ಬಿಡಲಿಲ್ಲ. ಬಿಟ್ಟರೆ ಊರಿನ ಸುದ್ದಿ ತನಗೆ ತಡವಾಗಿ ತಿಳಿಯುತ್ತದೆ ಎನ್ನುತ್ತಾನೆ. ಹೊರಗಿನಿಂದ ಯಾರಾದರೂ ಬಂದು ಇಲ್ಲಿ ಸಂಗೀತದಿಂದ ಹೊಟ್ಟೆ ಹೊರೆಯುವವರು ಇದ್ದಾರಾ ಎಂದು ಕೇಳಿದರೆ ನಾನು ಮೂರನೆಯ ಬೆಂಚಿನ ಕಡೆ ಗಲ್ಲ ತೋರಿಸುತ್ತೇನೆ.

ಅತ್ತೆ ಆಮೇಲೆ ನಾಲ್ಕು ವರ್ಷ ಬದುಕಿದರು, ನಾಲ್ಕು ವರ್ಷವೂ ನನ್ನನ್ನು ಕರೆದರು. ಯಾರ ಮುಂದಾದರೂ ನನ್ನ ಮೇಲೆ ದೂರಬೇಕಾದರೆ, "ನನಗೆ ಮುಂಗಡವಾಗಿ ಮಾರ್ಶಾ ಬರೆಸಿದವಳು," ಎಂದೇ ಶುರು ಮಾಡುತ್ತಿದ್ದರು. ಕೊನೆಕೊನೆಗೆ ಅದನ್ನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು, ಬೈಗುಳದ ಹಾಗೆ ಕೇಳಿಸುತ್ತಿರಲಿಲ್ಲ. ಮೊನ್ನೆ ಫೆಬ್ರವರಿಗೆ ಎರಡು ವರ್ಷವಾಯಿತು, ಬೆಳಿಗ್ಗೆ ಚಹಾ ಕುಡಿದು ಬಟ್ಟಲು ಕೆಳಗಿಟ್ಟವರು ಮತ್ತೆ ಏಳಲಿಲ್ಲ.

ಈ ಸಲ ಗಂಟೆ ಬಾರಿಸಿದ ಮೇಲೆಯೇ ನಾನು ಮೂರನೆಯ ಬೆಂಚಿಗೆ ಹೋದೆ. ಮೆಸ್ತ್ರಿ ಆಗಲೇ ಗುಂಡಿ ಹಾಕಿಕೊಂಡು ಎದ್ದು ನಿಂತಿದ್ದರು. ನಾಲ್ಕಕ್ಕೆ ಹದಿಮೂರು ಜನ ಕರಿ ಪಟ್ಟಿ ಕಟ್ಟಿಕೊಂಡು ಮುಂದೆ, ಪೆಟ್ಟಿಗೆ ನಡುವೆ, ಅದರ ಹಿಂದೆ ನಾನು, ನನ್ನ ಹಿಂದೆ ವಾಡೆ. ಮೆಸ್ತ್ರಿಗೆ ಅರವತ್ತೆರಡು ವರ್ಷ, ಊದುವಾಗ ಕತ್ತಿನ ನರ ಎದ್ದು ಕಾಣುತ್ತಿತ್ತು. ಅಡ್ಡರಸ್ತೆಯ ಮೊದಲ ಮನೆ ಹತ್ತಿರ ಕೂಗು ಬಂತು. ಮೇಲೆ, ಕೆಳಗೆ, ತಿರುವಿನ ತನಕ ಉದ್ದ. ಎಲ್ಲ ನಿಂತಿತು. ಜೊಕಿಮನ ಡ್ರಮ್ಮು ಒಂದು, ಎರಡು ಎಂದಿತು.

ಮೂರನೆಯದಕ್ಕೆ ಬಾಲ್ಕಾಂವಿನಲ್ಲಿ ನಿಂತ ಮುದುಕಿಯೊಬ್ಬಳು, ಯಾರೂ ಹೇಳಿಕೊಡದೆ, ಐವತ್ತು ವರ್ಷದ ಹಿಂದಿನ ದನಿಯಲ್ಲಿ ಕರೆದಳು. "ಇಲ್ಲಿ ಬಾ ಅಪೊಲಿನ್, ಎರಡು ಬಾಟ್ಲಿ."

ಮುಂದಿನ ಮನೆಯ ಹತ್ತಿರ ಕಾರ್ನೆಟ್ಟು ಮತ್ತೆ ಕೂಗಿತು. ಆ ಮನೆಯವರೂ ಕರೆದರು. "ಇಲ್ಲಿ ಬಾ ಅಪೊಲಿನ್." ಇಗರ್ಜಿಯ ತನಕ ಹನ್ನೊಂದು ಮನೆ. ಹನ್ನೊಂದರಲ್ಲೂ ಕೈ ಒರೆಸಿಕೊಂಡು ಯಾರಾದರೊಬ್ಬರು ಹೊರಗೆ ಬಂದರು, ಆ ನಾಲ್ಕು ಹೆಜ್ಜೆಯೊಳಗೆ ಉತ್ತರ ಕೊಟ್ಟರು. ಮೆಸ್ತ್ರಿ ಹಿಂದೆ ತಿರುಗಿ ನೋಡಲಿಲ್ಲ. ಸ್ವರ ಒಂದು ಕಡೆಯೂ ನಡುಗಲಿಲ್ಲ.

ಇಗರ್ಜಿಯ ಮೆಟ್ಟಿಲ ಬಳಿ ಮನೆಗಳು ಮುಗಿದವು. ಅಲ್ಲಿ ಕೊನೆಯ ಸಲ ಆ ಮೂರು ಸ್ವರ ಬಂತು. ಉತ್ತರ ಕೊಡಲು ಯಾರ ಮನೆಯೂ ಇರಲಿಲ್ಲ. ಡ್ರಮ್ಮು ಒಂದು ಹೆಜ್ಜೆ ಹಾಕಿತು, ಎರಡು ಹಾಕಿತು.

"ಬಂದೆ, ಮಾಂಯ್," ಎಂದೆ ನಾನು.